ನಡುನೀರಿನಲ್ಲಿ ಏನಾದರೂ ಆದರೆ? ಕ್ರೂಸ್ ಹಡಗಿನ ಬಗ್ಗೆ ನಮ್ಮ ಬಾಗಲಕೋಟೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷ ಕ್ರೂಸ್ ಹಡಗಿನಲ್ಲಿ ರೂಮ್ ಸ್ಟೀವರ್ಡ್ ಆಗಿದ್ದೆ. ಈಗ ನವನಗರದಲ್ಲಿ ಸಣ್ಣ ಟ್ರಾವೆಲ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮುಂಬೈ-ಗೋವಾ ಕ್ರೂಸ್ ಟಿಕೆಟ್ ವಿಚಾರಿಸಲು ಬರುವವರು ಮೊದಲು ಊಟ ಹೇಗೆ, ವೆಜ್ ಸಿಗುತ್ತಾ ಅಂತ ಕೇಳುತ್ತಾರೆ. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು, "ಇನ್ನೊಂದು ಕೇಳ್ಲೇನು?" ಅನ್ನುತ್ತಾರೆ. ಆ ಇನ್ನೊಂದು ಯಾವಾಗಲೂ ಮುಳುಗುವುದರ ಬಗ್ಗೆ, ಇಲ್ಲವೇ ಸಾಯುವುದರ ಬಗ್ಗೆ. ತಪ್ಪಿಲ್ಲ ಬಿಡಿ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಎದ್ದು ಬಂದ ಊರಿನವರು ನಾವು, ನೀರನ್ನು ನಂಬುವುದು ಕಷ್ಟ.

ಅಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ, ಹಡಗಿನ ಕೆಲಸಕ್ಕೆ ಹೊರಟ ಹುಡುಗರ ಪತ್ರ ಮತ್ತು ಮೆಸೇಜುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಸುಮ್ನೆ ಕುತೂಹಲಕ್ಕೆ ಕೇಳುವವರಿಗೆ

"ನಡುವ ಸಮುದ್ರದಾಗ ಏನರ ಆದ್ರ ಯಾರಿಗೆ ಫೋನ್ ಮಾಡಬೇಕ್ರಿ?"

ಊರಲ್ಲಾದರೆ ಬೆಂಕಿಗೆ 101, ಆಂಬುಲೆನ್ಸ್‌ಗೆ 108. ಹಡಗಿನಲ್ಲಿ ಆ ಎರಡೂ ನಾವೇ. ಹೊರಗಿನಿಂದ ಯಾರಾದರೂ ಬರಲು ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ, ಅಲ್ಲಿಯವರೆಗೆ ಎಲ್ಲವನ್ನೂ ಹಡಗೇ ನೋಡಿಕೊಳ್ಳಬೇಕು. ಅದಕ್ಕೇ ಅಲ್ಲಿ ಪ್ರತಿಯೊಬ್ಬರಿಗೂ ಎರಡು ಕೆಲಸ. ನಾನು ದಿನಾ ಹಾಸಿಗೆ ಹಾಸಿ, ಬಾತ್‌ರೂಮ್ ತೊಳೆಯುವವನು. ಗಂಟೆ ಬಾರಿಸಿದರೆ ಒಂದು ಜಾಗದಲ್ಲಿ ಜನರನ್ನು ಸೇರಿಸಿ ತಲೆ ಎಣಿಸುವವನು. ಅಡುಗೆಮನೆಯವರಲ್ಲಿ ಕೆಲವರು ಬೆಂಕಿ ಆರಿಸುವ ತಂಡದಲ್ಲಿದ್ದರು. ಸಲೂನಿನ ಹುಡುಗಿ ಮೆಟ್ಟಿಲ ಹತ್ತಿರ ನಿಂತು ದಾರಿ ತೋರಿಸಬೇಕಿತ್ತು.

ಹೊರಗಿನ ಸಹಾಯ ಬೇಕಾದಾಗ ಬ್ರಿಡ್ಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ರೇಡಿಯೊದಲ್ಲಿ 'ಮೇಡೇ' ಕರೆ ಹೋಗುತ್ತದೆ. ಹತ್ತಿರದ ಹಡಗುಗಳು ಕೇಳಿಸಿಕೊಳ್ಳುವುದು ವಿಎಚ್‌ಎಫ್ ಚಾನೆಲ್ 16ರಲ್ಲಿ. ಇದಲ್ಲದೆ ಇಪರ್ಬ್ ಅಂತ ಒಂದು ಡಬ್ಬಿ ಇರುತ್ತದೆ. ಹಡಗು ಮುಳುಗಿದರೆ ಅದು ತಾನಾಗಿ ಕಳಚಿಕೊಂಡು ಮೇಲೆ ತೇಲಿ, ಉಪಗ್ರಹಕ್ಕೆ ಸಿಗ್ನಲ್ ಕಳಿಸುತ್ತದೆ. ಕರೆ ಕೇಳಿದ ಹಡಗು ಸಹಾಯಕ್ಕೆ ಬರಲೇಬೇಕು, ಅದು ಅಂತರರಾಷ್ಟ್ರೀಯ ಕಾನೂನು. ನಮ್ಮ ಕಡಲಲ್ಲಿ ಹುಡುಕುವ, ಉಳಿಸುವ ಕೆಲಸ ಕೋಸ್ಟ್ ಗಾರ್ಡ್‌ನದು. ಅವರ ನಂಬರ್ 1554.

"ಟೈಟಾನಿಕ್‌ಗೆ ಆದಂಗ ದೋಣಿ ಕಮ್ಮಿ ಬಿದ್ರ?"

ಟೈಟಾನಿಕ್‌ನಲ್ಲಿ ಸುಮಾರು 2,200 ಜನರಿದ್ದರು, ದೋಣಿಗಳು 20, ಅವುಗಳಲ್ಲಿ ಜಾಗ 1,178 ಜನಕ್ಕೆ. 1912ರ ಆ ದುರಂತದ ನಂತರವೇ 1914ರಲ್ಲಿ 'ಸೋಲಾಸ್' ಬಂತು, ಸಮುದ್ರದಲ್ಲಿ ಜೀವ ಉಳಿಸುವ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ. ಈಗ ನಡೆಯುವುದು ಅದರ 1974ರ ಆವೃತ್ತಿ, ಅದಕ್ಕೂ ಆಗಾಗ ತಿದ್ದುಪಡಿ ಆಗುತ್ತಲೇ ಇದೆ. ಇವತ್ತು ದೂರದ ಸಮುದ್ರಯಾನದ ಪ್ಯಾಸೆಂಜರ್ ಹಡಗಿನಲ್ಲಿ ದೋಣಿ, ಗಾಳಿ ತುಂಬಿ ಅರಳುವ ತೆಪ್ಪ ಎಲ್ಲ ಸೇರಿ 100 ಜನಕ್ಕೆ 125 ಜಾಗ ಇರಬೇಕು. ಎಲ್ಲರೂ ಜಾಕೆಟ್ ಹಾಕಿ ಸೇರಿದ ಮೇಲೆ, ಹಡಗು ಬಿಡಿ ಎಂಬ ಆಜ್ಞೆ ಬಂದರೆ 30 ನಿಮಿಷದೊಳಗೆ ಎಲ್ಲ ದೋಣಿ ನೀರಿಗಿಳಿಯುವಂತಿರಬೇಕು.

ದೋಣಿಯೊಳಗೆ ಆರಾಮ ಏನಿಲ್ಲ. ಒಬ್ಬರಿಗೆ 43 ಸೆಂಟಿಮೀಟರ್ ಅಗಲದ ಜಾಗ, ತೂಕದ ಲೆಕ್ಕ ತಲೆಗೆ 75 ಕಿಲೊ. ನಮ್ಮ ಕಡೆ ಮದುವೆ ಟ್ರ್ಯಾಕ್ಟರ್ ಹತ್ತಿದವರಿಗೆ ಇದು ಹೊಸದಲ್ಲ. ತಲೆಗೆ ಮೂರು ಲೀಟರ್ ನೀರು, ಒಣ ಬಿಸ್ಕತ್ತಿನಂಥ ತಿನಿಸು, ವಾಂತಿ ನಿಲ್ಲುವ ಮಾತ್ರೆ, ಬೆಳಕಿನ ಬಾಣ ಇರುತ್ತವೆ. ಮೀನು ಹಿಡಿಯುವ ಗಾಳವೂ ಇರುತ್ತದೆ. ಇದನ್ನು ಕೇಳಿದ ನಮ್ಮವ್ವ, "ಲಿಂಗಾಯತರಿಗೆ ಏನು ಇಟ್ಟಾರ?" ಅಂತ ಕೇಳಿದ್ದಳು.

"ನನಗ ಈಜಾಕ ಬರಂಗಿಲ್ಲ. ಹೋಗಬಹುದೇನು?"

ಹೋಗಬಹುದು. ದೋಣಿ ಹತ್ತುವುದು ಡೆಕ್‌ನಿಂದಲೇ, ನೀರು ಮುಟ್ಟುವ ಪ್ರಸಂಗ ಬರದಂತೆಯೇ ಎಲ್ಲ ಏರ್ಪಾಡು. ಅಕಸ್ಮಾತ್ ಬಿದ್ದರೂ ಲೈಫ್ ಜಾಕೆಟ್ ಬಾಯಿ-ಮೂಗು ನೀರಿನ ಮೇಲೆ ಇರುವಂತೆ ಅಂಗಾತ ತಿರುಗಿಸುತ್ತದೆ. ಮಕ್ಕಳ ಜಾಕೆಟ್ ಬೇರೆ ಸೈಜಿನದು. ಮಗು ಜೊತೆಗಿದ್ದರೆ ಹತ್ತಿದ ದಿನವೇ ಕೇಳಿ ರೂಮಿಗೆ ತರಿಸಿಕೊಳ್ಳಿ.

## ಟಿಕೆಟ್ ಮಾಡಿಸಿದವರಿಗೆ

"ಹತ್ತಿದ ಕೂಡ್ಲೆ ಡ್ರಿಲ್ ಅಂತ ಕೂಡಸ್ತಾರಂತ. ತಪ್ಪಿಸ್ಕೊಂಡ್ರ ನಡೀತದೇನು?"

ನಡೆಯುವುದಿಲ್ಲ. ಅಪಾಯದ ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ಕಲಿಸುವ ಅಭ್ಯಾಸ ಅದು. ಕಾರ್ಡ್ ಸ್ಕ್ಯಾನ್ ಆಗಿರದಿದ್ದರೆ ನಿಮ್ಮ ಹೆಸರು ಕರೆಯುತ್ತಾರೆ, ಹುಡುಕಿಕೊಂಡು ರೂಮಿಗೇ ಬರುತ್ತಾರೆ. ಹಾಗೆ ಬಾಗಿಲು ಬಡಿದು ಬೈಸಿಕೊಂಡವರಲ್ಲಿ ನಾನೂ ಒಬ್ಬ.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿಯಿತು. ಒಳಗೆ 4,229 ಜನ. ಅದೇ ಸಂಜೆ ಹತ್ತಿದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಆಗಿರಲೇ ಇಲ್ಲ. ಅದು ನಿಯಮ ಮೀರಿದ್ದೂ ಅಲ್ಲ, ಆಗ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಬಡಿದ ಮೇಲೆ ಹಡಗು ಬಿಡಲು ಆಜ್ಞೆ ಬರುವುದಕ್ಕೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಹಡಗು ಒಂದು ಬದಿಗೆ ವಾಲಿತ್ತು. ದೋಣಿ ಇಳಿಸುವ ಯಂತ್ರಗಳು 20 ಡಿಗ್ರಿ ವಾಲುವವರೆಗೆ ಕೆಲಸ ಮಾಡುವಂತೆ ಕಟ್ಟಿರುತ್ತಾರೆ, ಅದನ್ನು ದಾಟಿದರೆ ಎತ್ತರದ ಬದಿಯ ದೋಣಿಗಳು ಹಡಗಿನ ಮೈಗೇ ಉಜ್ಜಿಕೊಂಡು ನಿಂತುಬಿಡುತ್ತವೆ. 32 ಜನ ಸತ್ತರು. ಎಲ್ಲರಿಗಿಂತ ಕೊನೆಗೆ, 2014ರ ನವೆಂಬರ್‌ನಲ್ಲಿ ಸಿಕ್ಕ ದೇಹ ಒಬ್ಬ ಭಾರತೀಯ ವೇಟರ್‌ನದು.

2015ರ ಜನವರಿ 1ರಿಂದ ನಿಯಮ ಬದಲಾಯಿತು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು. ಕೊರೊನಾ ನಂತರ ಕೆಲವು ಹಡಗುಗಳಲ್ಲಿ ವಿಡಿಯೊ ಮೊಬೈಲ್‌ನಲ್ಲೇ ನೋಡಿ, ಆಮೇಲೆ ನೀವು ಸೇರಬೇಕಾದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿ ಬಂದರೆ ಮುಗಿಯಿತು. ವಿಡಿಯೊ ಮ್ಯೂಟ್ ಮಾಡಿ ಓಡಿಸಬೇಡಿ. ಕೋಣೆಯಿಂದ ಆ ಜಾಗಕ್ಕೆ ಒಮ್ಮೆ ಮೆಟ್ಟಿಲಲ್ಲೇ ನಡೆದು ನೋಡಿ. ನಿಜವಾಗಿ ಗಂಟೆ ಬಾರಿಸಿದಾಗ ಲಿಫ್ಟ್ ಬಳಸುವಂತಿಲ್ಲ.

"ಮೈಕಿನ್ಯಾಗ ಏನೇನೋ ಕೂಗ್ತಾರಂತಲ್ಲ, ಬ್ರಾವೊ ಬ್ರಾವೊ ಅಂತ?"

ಅದು ಸಿಬ್ಬಂದಿಗೆ ಹೇಳುವ ಗುಟ್ಟಿನ ಮಾತು, ನಿಮಗೆ ಗಾಬರಿ ಆಗದಿರಲಿ ಅಂತ. ಬಹಳಷ್ಟು ಹಡಗುಗಳಲ್ಲಿ 'ಬ್ರಾವೊ' ಅಂದರೆ ಬೆಂಕಿ, 'ಆಲ್ಫಾ' ಅಂದರೆ ಯಾರಿಗೋ ಆರೋಗ್ಯ ಕೆಟ್ಟಿದೆ, 'ಆಸ್ಕರ್' ಅಂದರೆ ಯಾರೋ ನೀರಿಗೆ ಬಿದ್ದಿದ್ದಾರೆ. ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ನೀವು ನೆನಪಿಡಬೇಕಾದ್ದು ಒಂದೇ: ಏಳು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ ಹಾರ್ನ್. ಅದು ಕೇಳಿದರೆ ಬೆಚ್ಚಗಿನ ಬಟ್ಟೆ, ಮಾತ್ರೆ ಎತ್ತಿಕೊಂಡು ನಿಮ್ಮ ಜಾಗಕ್ಕೆ ನಡೆಯಿರಿ. ಸೂಟ್‌ಕೇಸ್ ಬೇಡ.

"ರೂಮಿನ್ಯಾಗ ದೇವರ ಮುಂದ ಒಂದು ದೀಪ ಹಚ್ಚಿದ್ರ ಏನಾಗ್ತದ್ರಿ?"

ಹೊಗೆ ಸೆನ್ಸರ್ ಕೂಗುತ್ತದೆ, ನಾಲ್ಕು ಜನ ಓಡಿ ಬರುತ್ತಾರೆ. ದೀಪ, ಊದಬತ್ತಿ, ಕರ್ಪೂರ, ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಯಾವುದೂ ಇಲ್ಲ. ಬ್ಯಾಗ್ ಚೆಕ್ ಮಾಡುವಾಗಲೇ ತೆಗೆದಿಡುತ್ತಾರೆ.

ಹಡಗಿನವರು ನೀರಿಗಿಂತ ಬೆಂಕಿಗೆ ಜಾಸ್ತಿ ಹೆದರುತ್ತಾರೆ. 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳಿಗೆ ಬೆಂಕಿ ಹತ್ತಿ ಸಾಲಾಗಿ ಹರಡಿತು, ಹೊಗೆಗೆ ಒಬ್ಬರು ಸತ್ತರು. ಯಾರೋ ಎಸೆದ ಸಿಗರೇಟಿನಿಂದ ಹತ್ತಿರಬೇಕು ಅಂತ ತನಿಖೆ ಹೇಳಿತು. ಬಾಲ್ಕನಿಯ ಕುರ್ಚಿ, ಅಡ್ಡಗೋಡೆ ಎಂಥದ್ದಿರಬೇಕು ಎಂಬ ನಿಯಮ ಬಂದದ್ದು ಅದರ ನಂತರ. ಒಳಗೆ ಹಡಗನ್ನು ಉದ್ದಕ್ಕೂ ಬೆಂಕಿ ತಡೆಯುವ ಗೋಡೆಗಳಿಂದ ಭಾಗ ಮಾಡಿರುತ್ತಾರೆ. ಕಾರಿಡಾರ್‌ನಲ್ಲಿ ಗೋಡೆಗೆ ಅಂಟಿದಂತೆ ದಪ್ಪ ಬಾಗಿಲು ಕಾಣುತ್ತದಲ್ಲ, ಅದಕ್ಕೆ ಬ್ಯಾಗ್ ಒರಗಿಸಬೇಡಿ. ಬ್ರಿಡ್ಜ್‌ನಲ್ಲಿ ಬಟನ್ ಒತ್ತಿದರೆ ಅದು ತಾನೇ ಮುಚ್ಚಿಕೊಳ್ಳಬೇಕು.

"ನಮ್ಮ ಮಾವಗ ಹಾರ್ಟಿಂದು ಐತಿ. ಒಳಗ ದವಾಖಾನಿ ಇರ್ತದೇನು?"

ಇರುತ್ತದೆ. ದೊಡ್ಡ ಹಡಗಿನಲ್ಲಿ ಡಾಕ್ಟರ್, ನರ್ಸ್ ಹಗಲು-ರಾತ್ರಿ ಸಿಗುತ್ತಾರೆ. ಇಸಿಜಿ, ಎಕ್ಸ್-ರೇ, ವೆಂಟಿಲೇಟರ್, ಎದೆಗೆ ಶಾಕ್ ಕೊಡುವ ಯಂತ್ರ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಇರುತ್ತವೆ. ಸ್ಟೆಂಟ್ ಹಾಕುವುದು ಅಲ್ಲಿ ಆಗುವ ಮಾತಲ್ಲ. ಅವರ ಕೆಲಸ ರೋಗಿಯನ್ನು ದಡದ ಆಸ್ಪತ್ರೆ ಮುಟ್ಟುವವರೆಗೆ ಕಾಪಾಡುವುದು. ರಕ್ತ ಬೇಕಾದರೆ? ಬ್ಲಡ್ ಬ್ಯಾಂಕ್ ಇಲ್ಲದ ಹಡಗಿನಲ್ಲಿ ಮೈಕಿನಲ್ಲಿ ಕೇಳಿ, ಪ್ರಯಾಣಿಕರಿಂದ, ಸಿಬ್ಬಂದಿಯಿಂದ ತೆಗೆದುಕೊಂಡದ್ದೂ ಉಂಟು.

ಹೆಲಿಕಾಪ್ಟರ್ ಅಂದರೆ ಸಿನಿಮಾದಲ್ಲಿ ತೋರಿಸುವಷ್ಟು ಸುಲಭ ಅಲ್ಲ. ದಡದಿಂದ ದೂರ ಇದ್ದರೆ ಅದು ಮುಟ್ಟುವುದೇ ಇಲ್ಲ. ಗಾಳಿ ಜೋರಿದ್ದರೆ ರೋಗಿಯನ್ನು ಹಗ್ಗದಲ್ಲಿ ಎತ್ತುವುದೇ ಅಪಾಯ. ಬಹಳ ಸಲ ಕ್ಯಾಪ್ಟನ್ ಹಡಗನ್ನೇ ಹತ್ತಿರದ ಬಂದರಿಗೆ ತಿರುಗಿಸುತ್ತಾನೆ.

ಮಾವನವರ ಮಾತ್ರೆ ಕೈಚೀಲದಲ್ಲೇ ಇರಲಿ. ದೊಡ್ಡ ಬ್ಯಾಗ್ ರೂಮಿಗೆ ಬರುವುದು ರಾತ್ರಿಯೂ ಆಗಬಹುದು. ಹಳೇ ಇಸಿಜಿಯ ಒಂದು ಜೆರಾಕ್ಸ್ ಇಟ್ಟುಕೊಳ್ಳಿ, ಡಾಕ್ಟರ್‌ಗೆ ಹೋಲಿಸಿ ನೋಡಲು ಅದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಹಾರ್ಟಿನ ತೊಂದರೆ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರ ಆಗುವುದು ಅಲ್ಲೇ.

"ಕೊರೊನಾ ಟೈಮಿನ್ಯಾಗ ಒಂದು ಹಡಗಿನ್ಯಾಗ ಎಲ್ಲಾರನ್ನೂ ಕೂಡಿಹಾಕಿದ್ರಲ್ಲ?"

ಡೈಮಂಡ್ ಪ್ರಿನ್ಸೆಸ್, 2020ರ ಫೆಬ್ರುವರಿ, ಜಪಾನಿನ ಯೊಕೊಹಾಮಾ. 3,711 ಜನರಲ್ಲಿ 712 ಜನಕ್ಕೆ ತಗುಲಿತು. ಭಾರತದವರು 138, ಅವರಲ್ಲಿ 132 ಜನ ಸಿಬ್ಬಂದಿ. ದಿನನಿತ್ಯ ಹಡಗಿನಲ್ಲಿ ಕಾಡುವುದು ಮಾತ್ರ ವಾಂತಿ-ಭೇದಿಯ ನೊರೊವೈರಸ್. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಡೆಯುವುದಿಲ್ಲ, ಸೋಪು-ನೀರೇ ಬೇಕು.

"ಯಾರರ ನೀರಿಗೆ ಬಿದ್ರ ಹಡಗ ನಿಲ್ಲಸ್ತಾರೇನು?"

ಬ್ರೇಕ್ ಹಾಕಿದ ಕೂಡಲೇ ನಿಲ್ಲಲು ಅದು ಬಸ್ ಅಲ್ಲ. 20 ನಾಟ್ ವೇಗ ಅಂದರೆ ಸೆಕೆಂಡಿಗೆ ಹತ್ತು ಮೀಟರ್. ಬಿದ್ದವರು ಒಂದು ನಿಮಿಷದಲ್ಲಿ 600 ಮೀಟರ್ ಹಿಂದೆ ಉಳಿದಿರುತ್ತಾರೆ. ಅಲೆಯ ನಡುವೆ ಒಂದು ತಲೆ ಅಂದರೆ ತೇಲುವ ತೆಂಗಿನಕಾಯಿಯಷ್ಟೇ ಕಾಣುವುದು.

ನೋಡಿದವರು ಕೂಗಬೇಕು, ಹತ್ತಿರದ ತೇಲುವ ರಿಂಗ್ ಎಸೆಯಬೇಕು, ಬಿದ್ದವರ ಕಡೆಗೇ ಕೈ ತೋರಿಸುತ್ತ ಕಣ್ಣು ಕೀಳದೆ ನಿಲ್ಲಬೇಕು. ವಿಡಿಯೊ ಮಾಡುತ್ತ ನಿಂತವರನ್ನು ನಾನು ನೋಡಿದ್ದೇನೆ, ಡ್ರಿಲ್‌ನಲ್ಲಿ ಅನ್ನುವುದೇ ಪುಣ್ಯ. ಬ್ರಿಡ್ಜ್‌ನವರು ಹೊಗೆ ಬಿಡುವ ರಿಂಗ್ ಬೀಳಿಸುತ್ತಾರೆ, ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡುತ್ತಾರೆ. ಆಮೇಲೆ 'ವಿಲಿಯಮ್ಸನ್ ಟರ್ನ್'. ಒಂದು ಬದಿಗೆ ಸುಮಾರು 60 ಡಿಗ್ರಿ ತಿರುಗಿ, ತಕ್ಷಣ ಚುಕ್ಕಾಣಿಯನ್ನು ಎದುರು ಬದಿಗೆ ಪೂರ್ತಿ ಹೊರಳಿಸಿದರೆ ಹಡಗು ತಾನು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ರಾತ್ರಿ ಕತ್ತಲಲ್ಲಿ ಇದು ಬಹಳ ಉಪಯೋಗ.

ರೇಲಿಂಗ್ ಒಂದು ಮೀಟರ್‌ಗಿಂತ ಕಮ್ಮಿ ಇರುವುದಿಲ್ಲ. ಅದು ಕಾಲು ಜಾರಿ ಬೀಳುವ ಎತ್ತರ ಅಲ್ಲ. ಕುಡಿದು ಹತ್ತಿ ಕೂತರೆ, ಸೆಲ್ಫಿಗೆ ಹೊರಗೆ ಬಾಗಿದರೆ ರೇಲಿಂಗ್ ಏನು ಮಾಡೀತು?

## ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು

"ಸತ್ರ ಸಮುದ್ರಕ್ಕ ಒಗೀತಾರಂತ, ಖರೇ ಏನು?"

ಇಲ್ಲ. ಅದು ಹಾಯಿ ಹಡಗಿನ ಕಾಲದ ಮಾತು. ದೇಹ ಕೆಡದಂತೆ ಇಡುವ ದಾರಿ ಆಗ ಇರಲಿಲ್ಲ. ಈಗ ಪ್ಯಾಸೆಂಜರ್ ಹಡಗಿನಲ್ಲಿ ಯಾರಾದರೂ ತೀರಿಕೊಂಡರೆ ಡಾಕ್ಟರ್ ನೋಡಿ ಖಚಿತ ಮಾಡುತ್ತಾರೆ. ಎಲ್ಲಿ, ಎಷ್ಟು ಗಂಟೆಗೆ ಎಂಬುದು ಹಡಗಿನ ಲಾಗ್ ಪುಸ್ತಕಕ್ಕೆ ಹೋಗುತ್ತದೆ. ಸಂಶಯ ಇದ್ದರೆ ರೂಮಿಗೆ ಬೀಗ ಬೀಳುತ್ತದೆ, ಬಂದರಿನ ಪೊಲೀಸರು ಬರುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ.

"ಹೆಣ ಎಲ್ಲಿ ಇಡ್ತಾರ? ಐಸ್‌ಕ್ರೀಮ್ ಫ್ರಿಜ್‌ನ್ಯಾಗ ಅಂತ ಎಲ್ಲೋ ಓದೀನಿ"

ದೊಡ್ಡ ಹಡಗಿನ ಕೆಳಗಿನ ಡೆಕ್‌ನಲ್ಲಿ ಸಣ್ಣ ಶವಾಗಾರ ಇರುತ್ತದೆ. ಸ್ಟೀಲಿನ ಬಾಗಿಲು, ಮೂರ್ನಾಲ್ಕು ದೇಹಕ್ಕೆ ಜಾಗ, ಒಳಗೆ ಫ್ರಿಜ್‌ನಷ್ಟು ತಣ್ಣಗೆ. ಅಡುಗೆಮನೆಯ ಕೋಲ್ಡ್ ರೂಮಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ ನೀವು ಓದಿದ್ದು ಪೂರ್ತಿ ಕಟ್ಟುಕಥೆ ಅನ್ನಲೂ ಆಗದು. 2023ರಲ್ಲಿ ಅಮೆರಿಕದ ಒಂದು ಕುಟುಂಬ ಕೋರ್ಟಿಗೆ ಹೋಯಿತು. ಹಡಗಿನ ಶವಾಗಾರ ಕೆಟ್ಟಿತ್ತು, ದೇಹವನ್ನು ಪಾನೀಯ ಇಡುವ ಕೂಲರ್‌ಗೆ ಹಾಕಿ ಕೆಡಿಸಿದರು ಅನ್ನುವುದು ಅವರ ದೂರು. ಅದಕ್ಕೇ ಜೊತೆಯಲ್ಲಿದ್ದವರು ಸಂಕೋಚ ಬಿಟ್ಟು ಕೇಳಬೇಕು: ಎಲ್ಲಿ ಇಡುತ್ತೀರಿ, ಯಾವ ಬಂದರಲ್ಲಿ ಇಳಿಸುತ್ತೀರಿ, ಅಲ್ಲಿ ಯಾರು ಬರುತ್ತಾರೆ?

"ತಮ್ಮಾ, ನೀ ಕಣ್ಣಾರೆ ನೋಡೀಯೇನು?"

ನೋಡಿದ್ದೇನೆ. ಒಂದು ಮಾತ್ರ ಹೇಳುತ್ತೇನೆ. ನನ್ನ ಪಾಲಿನ ಒಂದು ರೂಮಿನಲ್ಲಿ ವಯಸ್ಸಾದ ಗಂಡ-ಹೆಂಡತಿ ಇದ್ದರು. ರಾತ್ರಿ ಮಲಗುವ ಮುಂಚೆ ಬೆಳಗಿನ ತಿಂಡಿಯ ಕಾರ್ಡ್‌ಗೆ ಟಿಕ್ ಹಾಕಿ ಬಾಗಿಲ ಹಿಡಿಕೆಗೆ ಸಿಕ್ಕಿಸುತ್ತಿದ್ದರು. ನಡುರಾತ್ರಿ ಯಜಮಾನರಿಗೆ ಎದೆ ನೋವು ಬಂತು. ಸ್ಟ್ರೆಚರ್ ಬಂತು, ಡಾಕ್ಟರ್ ಬಂದರು, ಬೆಳಗಿನ ಜಾವ ಯಜಮಾನರು ತೀರಿಕೊಂಡರು.

ಅಮ್ಮನವರನ್ನು ಬೇರೆ ರೂಮಿಗೆ ಕರೆದೊಯ್ಯುವುದಿತ್ತು. ಆ ಗಡಿಬಿಡಿಯಲ್ಲಿ ನಾನು ಅವರ ಬಟ್ಟೆ ಮಡಿಸುತ್ತಿದ್ದೆ. ಏಳೂವರೆಗೆ ಬಾಗಿಲು ತಟ್ಟಿದ ಸದ್ದು. ಟ್ರೇ ಹಿಡಿದ ಹುಡುಗ ನಗುತ್ತ ನಿಂತಿದ್ದಾನೆ. ಎರಡು ಟೀ, ಎರಡು ಟೋಸ್ಟ್. ಮೂರು ಗಂಟೆಗೆ ಕಾರ್ಡ್ ಒಟ್ಟುಮಾಡಲು ಬಂದವನು ಎಲ್ಲ ಬಾಗಿಲಿನಂತೆ ಇದನ್ನೂ ಒಯ್ದಿದ್ದ. ಅಡುಗೆಮನೆಗೆ ಫೋನ್ ಮಾಡಿ ನಿಲ್ಲಿಸಬೇಕಾದವನು ನಾನು, ನನಗೆ ನೆನಪೇ ಆಗಲಿಲ್ಲ. ಅಮ್ಮನವರು ಟ್ರೇ ತೆಗೆದುಕೊಂಡು, ಒಂದು ಕಪ್ ನನ್ನ ಕಡೆ ಸರಿಸಿ ಕೂಡು ಅಂದರು. ಪ್ಯಾಸೆಂಜರ್ ರೂಮಿನಲ್ಲಿ ನಾವು ಕೂಡುವಂತಿಲ್ಲ. ಕೂತೆ.

ಅದಾದ ಮೇಲೆ ಬಂದ ಹೊಸ ಹುಡುಗರಿಗೆಲ್ಲ ಮೊದಲು ಕಲಿಸಿದ್ದು ಇದನ್ನೇ: ಆಲ್ಫಾ ಆದ ರೂಮಿನ ಬಾಗಿಲ ಹಿಡಿಕೆ ನೋಡು.

"ಊರಿಗೆ ತರಾಕ ಏನೇನು ಕಾಗದ ಬೇಕು? ರೊಕ್ಕ ಯಾರು ಕೊಡ್ತಾರ?"

ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಹೂಳುವವರೇ ಜಾಸ್ತಿ, ದೇಹ ಊರ ಮಣ್ಣಿಗೇ ಬರಬೇಕು ಅಂತ ಮನೆಯವರು ಹಟ ಹಿಡಿಯುತ್ತಾರೆ.

ಭಾರತದ ಬಂದರಿಗೇ ಬಂದರೆ ಸುಲಭ. ಬಂದರಿನ ಪೊಲೀಸರು, ಮರಣ ಪ್ರಮಾಣಪತ್ರ, ಬೇಕಾದರೆ ಪೋಸ್ಟ್‌ಮಾರ್ಟಂ ಮುಗಿದ ಮೇಲೆ ಆಂಬುಲೆನ್ಸ್‌ನಲ್ಲಿ ತರಬಹುದು. ಗೋವಾದಲ್ಲಿ ಇಳಿಸಿದರೆ ಚೋರ್ಲಾ ಘಾಟ್ ಹತ್ತಿ ಬೆಳಗಾವಿ ಮೇಲೆ ಬರುವುದು.

ವಿದೇಶದಲ್ಲಾದರೆ ನಾಲ್ಕು ಕಾಗದ ಮುಖ್ಯ: ಅಲ್ಲಿನ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಎಂಬಾಮಿಂಗ್ ಮಾಡಿದ ಸರ್ಟಿಫಿಕೇಟ್, ಭಾರತದ ರಾಯಭಾರ ಕಚೇರಿಯ ಎನ್‌ಒಸಿ, ರದ್ದು ಮಾಡಿದ ಪಾಸ್‌ಪೋರ್ಟ್. ಇಲ್ಲಿ ಇಳಿಯುವಾಗ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಯ ಒಪ್ಪಿಗೆ ಬೇಕು, ಅದಕ್ಕೆ 2023ರಿಂದ 'ಇ-ಕೇರ್' ಅಂತ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಎಲ್ಲ ಮುಗಿಯಲು ವಾರ ಹಿಡಿದರೆ ಗಾಬರಿ ಆಗಬೇಡಿ.

ಖರ್ಚು ಪ್ರಯಾಣಿಕರ ಮನೆಯವರದೇ, ಇನ್ಶೂರೆನ್ಸ್ ಇದ್ದರೆ ಅವರದು. ಪಾಲಿಸಿ ಕೊಳ್ಳುವಾಗ ಮೃತದೇಹ ಊರಿಗೆ ತರುವ ಖರ್ಚು ಇದೆಯಾ ಅಂತ ಓದಿ. ನಾನು ಮಾರುವ ಪಾಲಿಸಿಯನ್ನೂ ಓದಿ.

"ಅಸ್ಥಿ ಸಮುದ್ರದಾಗ ಬಿಡಬಹುದೇನು?"

ಕೆಲವು ಕಂಪನಿಗಳು ಮುಂಚೆಯೇ ಪತ್ರ ಬರೆದು ಕೇಳಿದರೆ, ದಡದಿಂದ ದೂರದಲ್ಲಿ, ನೀರಲ್ಲಿ ಕರಗುವ ಕುಡಿಕೆಯಲ್ಲಿಟ್ಟು ಬಿಡಲು ಒಪ್ಪುತ್ತವೆ. ಬಾಲ್ಕನಿಯಿಂದ ಗುಟ್ಟಾಗಿ ಚೆಲ್ಲಬೇಡಿ. ಗಾಳಿಗೆ ಅದು ಕೆಳಗಿನವರ ಬಾಲ್ಕನಿಗೇ ಬರುತ್ತದೆ. ಒರೆಸಿದವನು ಹೇಳುತ್ತಿದ್ದೇನೆ.

## ಹಡಗಿನ ಕೆಲಸಕ್ಕೆ ಹೊರಟವರಿಗೆ

"ಸರ್, ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡೀನಿ. ನನಗ್ಯಾಕ ಬೆಂಕಿ ಆರಸೋ ಟ್ರೇನಿಂಗ್?"

ಮೊದಲನೇ ಉತ್ತರ ಓದಿದರೆ ಗೊತ್ತಾಗುತ್ತದೆ. ಕೋರ್ಸ್‌ನ ಹೆಸರು ಎಸ್‌ಟಿಸಿಡಬ್ಲ್ಯು. ನೀರಲ್ಲಿ ಉಳಿಯುವುದು, ಬೆಂಕಿ, ಪ್ರಥಮ ಚಿಕಿತ್ಸೆ, ಹಡಗಿನ ಮೇಲಿನ ಸುರಕ್ಷತೆ, ಜೊತೆಗೆ ಪ್ಯಾಸೆಂಜರ್ ಹಡಗಾದರೆ ಗುಂಪು ನಿಭಾಯಿಸುವುದು. ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೊಮ್ಮೆ ಡ್ರಿಲ್ ಇರುತ್ತದೆ, ಬಂದರಲ್ಲಿ ಸುತ್ತಾಡುವ ದಿನವೇ ಬರುತ್ತದೆ. ಬೈದುಕೊಳ್ಳುತ್ತಲೇ ಹೋಗು, ಆದರೆ ಮೈಗಳ್ಳತನ ಬೇಡ. ಡ್ರಿಲ್ ಆಟ ಅಲ್ಲ. 2013ರ ಫೆಬ್ರುವರಿಯಲ್ಲಿ ಕೆನರಿ ದ್ವೀಪಗಳ ಲಾ ಪಾಲ್ಮಾ ಬಂದರಿನಲ್ಲಿ ಡ್ರಿಲ್ ನಡೆಯುವಾಗಲೇ ದೋಣಿಯ ತಂತಿ ಹಗ್ಗ ಕಿತ್ತು, ಐದು ಸಿಬ್ಬಂದಿ ಸತ್ತರು.

ಇನ್ನೊಂದು. ಏಜೆಂಟ್‌ನ ಮಾತು ನಂಬುವ ಮುಂಚೆ ಅವನ ಆರ್‌ಪಿಎಸ್‌ಎಲ್ ಲೈಸೆನ್ಸ್ (ಹಡಗಿಗೆ ಜನ ಸೇರಿಸಲು ಸರ್ಕಾರ ಕೊಡುವ ಪರವಾನಗಿ) ನಂಬರ್ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲಿ ನೋಡು.

"ನನಗ ಏನರ ಆದ್ರ ಅಪ್ಪ-ಅವ್ವಗ ಏನು ಸಿಗ್ತದ?"

ಸಿಬ್ಬಂದಿಗೆ ಪ್ರಯಾಣಿಕರಿಗಿಂತ ಗಟ್ಟಿ ಕಾನೂನಿದೆ, ಎಂಎಲ್‌ಸಿ 2006, ಹಡಗಿನ ಕೆಲಸಗಾರರಿಗಾಗಿ ಮಾಡಿದ ಅಂತರರಾಷ್ಟ್ರೀಯ ಒಪ್ಪಂದ. ಭಾರತ 2015ರಲ್ಲಿ ಅದನ್ನು ಒಪ್ಪಿಕೊಂಡಿತು. ಕೆಲಸದ ಅವಧಿಯಲ್ಲಿ ಹಡಗಿನಲ್ಲಿ ಸತ್ತರೆ ಅಂತ್ಯಕ್ರಿಯೆಯ ಖರ್ಚು ಹಡಗಿನ ಮಾಲೀಕರದು. 2024ರ ಡಿಸೆಂಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ದೇಹವನ್ನೋ ಅಸ್ಥಿಯನ್ನೋ ಮನೆಯವರು ಬಯಸಿದಂತೆ ಊರಿಗೆ ಕಳಿಸಲು ಅನುಕೂಲ ಮಾಡಿಕೊಡಬೇಕು. ಪರಿಹಾರ ಎಷ್ಟು ಎಂಬುದು ನಿನ್ನ ಕಾಂಟ್ರಾಕ್ಟ್‌ನಲ್ಲಿ ಇರುತ್ತದೆ. ಅದರ ಒಂದು ಪ್ರತಿ ಮನೆಯ ಟ್ರಂಕಿನಲ್ಲಿ ಇಡು, ಎಲ್ಲಿದೆ ಅಂತ ಅವ್ವನಿಗೆ ಹೇಳು. ಹೇಳಲು ಬಾಯಿ ಬರುವುದಿಲ್ಲ, ಗೊತ್ತು. ನಾನು ತಂಗಿಗೆ ಹೇಳಿ ಹೋಗಿದ್ದೆ.

"ಹಡಗು ಬಿಟ್ಟು ದೋಣಿ ಹತ್ತೋದು ಚಲೋನೋ, ಒಳಗ ಇರೋದು ಚಲೋನೋ?"

ಒಳಗೆ ಇರುವುದೇ, ಆಗುವಷ್ಟು ಹೊತ್ತು. 2010ರ ಜುಲೈ ನಂತರ ಕಟ್ಟಲು ಶುರುಮಾಡಿದ ದೊಡ್ಡ ಪ್ಯಾಸೆಂಜರ್ ಹಡಗುಗಳಿಗೆ ಒಂದು ಭಾಗ ಸುಟ್ಟರೂ, ಒಂದು ಕೋಣೆಗೆ ನೀರು ನುಗ್ಗಿದರೂ ತನ್ನ ಬಲದಲ್ಲೇ ಬಂದರು ಮುಟ್ಟುವ ಶಕ್ತಿ ಇರಬೇಕು ಎಂಬ ನಿಯಮವಿದೆ.

ನಿಯಮ ಇದ್ದರೂ ಆಗುವುದು ಆಗುತ್ತದೆ. 2019ರ ಮಾರ್ಚ್‌ನಲ್ಲಿ ನಾರ್ವೆ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ಒಟ್ಟಿಗೆ ನಿಂತವು. ಎಂಜಿನ್ ಆಯಿಲ್ ಟ್ಯಾಂಕಿನಲ್ಲಿ ಮಟ್ಟ ಕಮ್ಮಿ ಇತ್ತು, ಹಡಗು ಹೊಯ್ದಾಡಿದಾಗ ಪಂಪ್‌ಗೆ ಎಣ್ಣೆ ಸಿಗಲಿಲ್ಲ. ಟ್ರ್ಯಾಕ್ಟರ್ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಗೆ 1,373 ಜನ. ಆ ಅಲೆಯಲ್ಲಿ ದೋಣಿ ಇಳಿಸುವ ಮಾತೇ ಇಲ್ಲ. ಹೆಲಿಕಾಪ್ಟರ್‌ಗಳು ಸರದಿಯಲ್ಲಿ ಬಂದು 479 ಜನರನ್ನು ಒಬ್ಬೊಬ್ಬರಾಗಿ ಎತ್ತಿದವು. ಉಳಿದವರು ಹಡಗಿನಲ್ಲೇ ಇದ್ದು ಮರುದಿನ ಮೊಲ್ಡೆ ಬಂದರು ಸೇರಿದರು. ಯಾರೂ ಸಾಯಲಿಲ್ಲ.

"ಕ್ಯಾಪ್ಟನ್ನೇ ಓಡಿ ಹೋದ್ರ ಏನ್ ಮಾಡೋದು?"

ಹೋದವರಿದ್ದಾರೆ. ಕಾಂಕಾರ್ಡಿಯಾದ ಕ್ಯಾಪ್ಟನ್ ಜನ ಇನ್ನೂ ಒಳಗಿರುವಾಗಲೇ ದಡ ಸೇರಿದ್ದ. 2015ರಲ್ಲಿ 16 ವರ್ಷ ಶಿಕ್ಷೆ ಆಯಿತು.

1991ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಹತ್ತಿರ ಓಷಿಯಾನೋಸ್ ಮುಳುಗಿದಾಗಲೂ ಕ್ಯಾಪ್ಟನ್ ಬಹಳ ಪ್ರಯಾಣಿಕರಿಗಿಂತ ಮುಂಚೆ ಹೆಲಿಕಾಪ್ಟರ್ ಹತ್ತಿದ. ಬ್ರಿಡ್ಜ್‌ನಲ್ಲಿ ರೇಡಿಯೊ ಹಿಡಿದು ಸಹಾಯ ಕೇಳಿದವರು, ಜನರನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದವರು ಹಡಗಿನ ಹಾಡು-ಮನರಂಜನೆಯ ತಂಡದವರು. 571 ಜನರೂ ಬದುಕಿದರು.

ನಮ್ಮ ಹಡಗಿನಲ್ಲಿ ಡ್ರಮ್ ಬಾರಿಸುವ ಒಬ್ಬ ಗೋವಾದ ಹುಡುಗನಿದ್ದ. ಅವನ ಡ್ಯೂಟಿ ಕಾರ್ಡ್ ಮೇಲೆ ಬರೆದಿದ್ದು: ಸ್ಟ್ರೆಚರ್ ಟೀಮ್, ನಂಬರ್ ಎರಡು. ಡ್ರಿಲ್‌ನಲ್ಲಿ ರೋಗಿಯಾಗಿ ಮಲಗುತ್ತಿದ್ದವನು ನಾನು. ಆಗ ನಾನು 84 ಕಿಲೊ ಇದ್ದೆ. ಆರು ಡೆಕ್ ಮೆಟ್ಟಿಲು ಇಳಿಸುವಷ್ಟರಲ್ಲಿ ಅವನು ಕೊಂಕಣಿಯಲ್ಲಿ ಬೈಯುತ್ತಿದ್ದದ್ದು ನನಗೆ ಪೂರ್ತಿ ಅರ್ಥವಾಗುತ್ತಿತ್ತು.